ಎಸ್.ಪಿ. ರೋಡಿನ ಮೇಲ್ಮಹಡಿಯ ಕ್ಯಾಸೆಟ್ ರಿಪೇರಿಯವರು ಮತ್ತು ಅಮ್ಮನ ಕಾಠ್ಮಂಡು ಟೇಪುಗಳು

ಕ್ಯಾಸೆಟ್ಟಿನಲ್ಲಿ ಉಳಿದಿರುವ ಮನೆಯವರ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಡುವವರು ಬೆಂಗಳೂರಿನಲ್ಲಿ ಯಾರಿದ್ದಾರೆ ಎಂದು ಕೇಳಿದರೆ ಇನ್ನು ಮುಂದೆ ನಾನು ಒಂದೇ ಜಾಗ ಹೇಳುತ್ತೇನೆ. ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರೋಡಿನಿಂದ ನಗರ್ತಪೇಟೆ ಕಡೆಗೆ ಒಳಹೋಗುವ ಒಂದು ಗಲ್ಲಿ. ಕೆಳಗೆ ಕೇಬಲ್ಲು, ಅಡಾಪ್ಟರು ಮಾರುವ ಮಳಿಗೆ. ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಒಂದೇ ಕೋಣೆ. ಬೋರ್ಡಿಲ್ಲ. ಹೆಸರು, ನಂಬರು ಹಾಕಬೇಡಿ ಎಂದು ಯಜಮಾನರು ಹೇಳಿದ್ದಾರೆ. ಒಬ್ಬರೇ ಕೆಲಸ ಮಾಡುವವರು, ಬಂದದ್ದನ್ನು ಮುಗಿಸುವುದಕ್ಕೇ ಸಮಯ ಸಾಲುತ್ತಿಲ್ಲ. ಆ ರಸ್ತೆಯಲ್ಲಿ ಹಳೆಯ ಟೇಪ್ ರೆಕಾರ್ಡರಿನ ಬಿಡಿಭಾಗ ಇಟ್ಟಿರುವ ಯಾವ ಅಂಗಡಿಯಲ್ಲಿ ವಿಚಾರಿಸಿದರೂ ದಾರಿ ತೋರಿಸುತ್ತಾರೆ. ಕೆ.ಆರ್. ಮಾರ್ಕೆಟ್ ಅಥವಾ ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆದುಬಿಡಿ, ಕಾರು ತರಬೇಡಿ.

ನಾನು ಕೊಟ್ಟದ್ದು ಹಾಡಿನ ಕ್ಯಾಸೆಟ್ ಅಲ್ಲ. ಅಮ್ಮ ಕಾಠ್ಮಂಡುವಿನಿಂದ ಅಜ್ಜಿಗೆ ಮಾತಾಡಿ ಕಳಿಸಿದ ಟೇಪುಗಳು. ಈ ಕೆಲಸಕ್ಕೆ ನಾನು ಏನೇನು ನೋಡಿದೆ, ಯಾಕೆ ಇವರನ್ನೇ ನಂಬಿದೆ ಎಂದು ತಿಳಿಯಬೇಕಾದರೆ ಆ ಟೇಪುಗಳ ವಿಷಯ ಸ್ವಲ್ಪ ಹೇಳಲೇಬೇಕು.

ಅಪ್ಪ ಅಮ್ಮ 1999ರಲ್ಲಿ ಸೇವೆಗೆಂದು ನೇಪಾಳಕ್ಕೆ ಹೋದವರು. ಕಾಠ್ಮಂಡುವಿಗೆ ಹೊಂದಿಕೊಂಡ ಪಾಟನ್ ಕಡೆಯ ಒಂದು ನೇಪಾಳಿ ಕ್ರೈಸ್ತ ಸಭೆಯಲ್ಲಿ ಅಪ್ಪ ಅಲ್ಲಿನ ಪಾಸ್ಟರಿಗೆ ಸಹಾಯಕರು, ವಾರದ ದಿನಗಳಲ್ಲಿ ಬೈಬಲ್ ಪಾಠ ಹೇಳುತ್ತಿದ್ದರು. ಅಮ್ಮ ನರ್ಸ್. ನಾನೂ ತಮ್ಮನೂ ಮನೆಯೊಳಗೆ ಕನ್ನಡ, ಹೊರಗೆ ನೇಪಾಳಿ ಮಾತಾಡಿಕೊಂಡು ಬೆಳೆದೆವು. 1996ರಲ್ಲಿ ಶುರುವಾದ ಮಾವೋವಾದಿ ಯುದ್ಧ ಆಗ ಹಳ್ಳಿಗಳಲ್ಲಿ ನಡೆಯುತ್ತಿತ್ತು. ಹತ್ತು ವರ್ಷಗಳಲ್ಲಿ 13,000ಕ್ಕೂ ಹೆಚ್ಚು ಜನ ಸತ್ತರು. 2001ರ ಜೂನ್ 1ರ ರಾತ್ರಿ ಅರಮನೆಯಲ್ಲೇ ರಾಜ ಬೀರೇಂದ್ರ ಮತ್ತು ಮನೆಯವರು ಗುಂಡಿಗೆ ಬಲಿಯಾದರು. ಇಷ್ಟಾದರೂ ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಹೊರಗೆ ಬಂದದ್ದು 2005ರ ಫೆಬ್ರವರಿಯಲ್ಲಿ. ಆ ತಿಂಗಳ 1ರಂದು ರಾಜ ಜ್ಞಾನೇಂದ್ರ ಸರ್ಕಾರವನ್ನು ವಜಾ ಮಾಡಿ ಅಧಿಕಾರ ಕೈಗೆ ತೆಗೆದುಕೊಂಡರು. ಫೋನು, ಮೊಬೈಲು, ಇಂಟರ್ನೆಟ್ ಎಲ್ಲ ಒಂದೇ ಸಲ ಸತ್ತವು. ಆಸ್ಟಿನ್ ಟೌನಿನಲ್ಲಿದ್ದ ಅಜ್ಜಿಗೆ ನಾವು ಬದುಕಿದ್ದೇವೆಂದು ಹೇಳುವ ದಾರಿಯೇ ಇರಲಿಲ್ಲ. ಅಜ್ಜಿಗೆ ಕಣ್ಣು ಮಂಜಾಗಿತ್ತು, ಪತ್ರ ಬರೆದರೆ ಬೇರೆಯವರ ಕೈಲಿ ಓದಿಸಬೇಕು. ಅವತ್ತಿನಿಂದ ಅಮ್ಮ ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಹೊರಟ ನರ್ಸುಗಳ ಕೈಯಲ್ಲೋ, ಸುನೌಲಿ ಗಡಿ ದಾಟಿ ಗೋರಖ್‌ಪುರದಲ್ಲಿ ರೈಲು ಹಿಡಿಯುವವರ ಕೈಯಲ್ಲೋ ಕಳಿಸತೊಡಗಿದರು. ಅಜ್ಜಿ ಅವನ್ನೆಲ್ಲ ಒಂದು ಬಿಸ್ಕತ್ ಡಬ್ಬದಲ್ಲಿಟ್ಟು ಟ್ರಂಕಿನಲ್ಲಿ ಬೀಗ ಹಾಕಿದ್ದರು.

ಅದರಲ್ಲಿ ಒಂದನ್ನು ಮೊದಲು ಇನ್ನೊಂದು ಕಡೆ ಕೊಟ್ಟು ನೋಡಿದ್ದೆ. ಅಲ್ಲಿ ಆಫೀಸು ಚೆನ್ನಾಗಿತ್ತು, ಮನೆಗೇ ಬಂದು ತೆಗೆದುಕೊಂಡು ಹೋದರು, ಹೇಳಿದ ದಿನಕ್ಕೆ ಕೊಟ್ಟರು. ಫೈಲಿನಲ್ಲಿ ಅಮ್ಮನ ದನಿ ನುಣ್ಣಗಿತ್ತು, ಹಿಂದೆ ಏನೂ ಇರಲಿಲ್ಲ. ಗದ್ದಲ ತೆಗೆದು ಕೊಟ್ಟಿದ್ದೇವೆ, ಅದಕ್ಕೆ ಬೇರೆ ಹಣವಿಲ್ಲ ಎಂದರು. ತೆಗೆದದ್ದು ಏನು ಎಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ, ಮೂಲ ಪ್ರತಿಯನ್ನು ಇಟ್ಟುಕೊಂಡಿರಲೂ ಇಲ್ಲ. ಅವರ ನಿಯಮಗಳಲ್ಲಿ ಮಾದರಿಗಾಗಿ ತುಣುಕುಗಳನ್ನು ಬಳಸಬಹುದು ಎಂದೂ ಒಂದು ಸಾಲಿತ್ತು. ಅದನ್ನು ಓದಿದ ಅಪ್ಪ ಉಳಿದ ಡಬ್ಬವನ್ನು ತಮ್ಮ ಕೋಣೆಗೆ ಎತ್ತಿಟ್ಟುಕೊಂಡರು.

ಅಪ್ಪನ ಆತಂಕ ಸುಮ್ಮನೆ ಅಲ್ಲ. ಟೇಪುಗಳಲ್ಲಿ ನಾವು ನಾಲ್ಕು ಜನ ಮಾತ್ರ ಇಲ್ಲ. ಮನೆಕೂಟದಲ್ಲಿ ಸಾಕ್ಷಿ ಹೇಳಿದವರಿದ್ದಾರೆ, ತಮ್ಮ ಹೆಸರು, ಹಳ್ಳಿ, ಯಾವಾಗ ಕ್ರಿಸ್ತನನ್ನು ನಂಬಿದೆ, ಮನೆಯವರು ಏನು ಮಾಡಿದರು ಎಂದು ಬಿಚ್ಚಿ ಹೇಳಿದ್ದಾರೆ. ನೇಪಾಳದ 1990ರ ಸಂವಿಧಾನದಲ್ಲಿ ತನ್ನ ಧರ್ಮ ಪಾಲಿಸುವ ಹಕ್ಕಿತ್ತು, ಇನ್ನೊಬ್ಬರನ್ನು ಮತಾಂತರ ಮಾಡುವಂತಿರಲಿಲ್ಲ. 2006ರ ಮೇ 18ರಂದು ಸಂಸತ್ತು ದೇಶವನ್ನು ಜಾತ್ಯತೀತ ಎಂದು ಸಾರಿದಾಗ ನಮ್ಮ ಸಭೆಯಲ್ಲಿ ಹಿರಿಯರು ಅತ್ತದ್ದು ನನಗೆ ನೆನಪಿದೆ. ಆದರೆ ಆ ನಿಷೇಧ 2015ರ ಸಂವಿಧಾನದಲ್ಲೂ ಉಳಿಯಿತು. 2018ರ ಆಗಸ್ಟಿನಲ್ಲಿ ಜಾರಿಗೆ ಬಂದ ದಂಡಸಂಹಿತೆಯ 158ನೆಯ ಕಲಮಿನ ಪ್ರಕಾರ ಮತಾಂತರ ಮಾಡಿದರೆ ಐದು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ, ಮಾಡಿದವರು ವಿದೇಶಿಯರಾದರೆ ಶಿಕ್ಷೆ ಮುಗಿದ ಏಳು ದಿನದೊಳಗೆ ದೇಶದಿಂದ ಹೊರಗೆ. ಇಪ್ಪತ್ತು ವರ್ಷದ ಹಿಂದಿನ ಒಂದು ಸಾಕ್ಷಿ ಇವತ್ತು ಯಾರದೋ ಜಾಹೀರಾತಿನಲ್ಲಿ ಕೇಳಿಬಂದರೆ ಅಲ್ಲಿರುವವರಿಗೆ ಏನಾಗುತ್ತದೆಂದು ಹೇಳಲಾಗದು. ಹೀಗಾಗಿ ಅಪ್ಪನ ಷರತ್ತು ಒಂದೇ: ಟೇಪನ್ನು ಇಳಿಸುವ ಕಂಪ್ಯೂಟರಿಗೆ ಇಂಟರ್ನೆಟ್ ಇರಕೂಡದು.

ಎಸ್.ಪಿ. ರೋಡಿನ ಯಜಮಾನರು ನನಗೆ ಇಷ್ಟವಾದದ್ದು ಇಲ್ಲಿಂದಲೇ. ನಾನು ಷರತ್ತು ಹೇಳುವ ಮೊದಲೇ ಅವರು ಕೇಳಿದರು: "ಇದರಲ್ಲಿ ಹೊರಗಿನವರು ಕೇಳಬಾರದ್ದು ಏನಾದ್ರೂ ಇದೆಯೇನಮ್ಮ?" ಇದೆ ಎಂದೆ. ಏನು ಎಂದು ಅವರು ಕೇಳಲಿಲ್ಲ. ಅವರ ಕಂಪ್ಯೂಟರಿಗೆ ನೆಟ್ ಸಂಪರ್ಕವೇ ಇಲ್ಲ. ಕೋಣೆಯಲ್ಲಿ ಸ್ಪೀಕರ್ ಇದೆ, ನನ್ನ ಕೆಲಸಕ್ಕೆ ಹೆಡ್‌ಫೋನ್ ಮಾತ್ರ ಬಳಸಿದರು. ಎಲ್ಲ ಮುಗಿದು ನಾನು ಹಾರ್ಡ್ ಡಿಸ್ಕಿನಲ್ಲಿ ಒಂದೊಂದು ಫೈಲನ್ನೂ ತೆರೆದು ನೋಡಿದ ಮೇಲೆ, ನನ್ನ ಎದುರಿಗೇ ತಮ್ಮ ಪ್ರತಿಯನ್ನು ಅಳಿಸಿದರು. ಇದಕ್ಕೆಲ್ಲ ಅವರಲ್ಲಿ ಅಚ್ಚಾದ ನಿಯಮ ಪತ್ರವಿಲ್ಲ. ಮನೆಯವರ ದನಿ ಕೊಡುವವರಿಗೆ ಇದೇ ಸಾಕೇ ಎಂದು ಕೇಳಿದರೆ, ನನಗೆ ಸಾಕಾಯಿತು. ಅಪ್ಪನಿಗೂ ಸಾಕಾಯಿತು.

ಇನ್ನು ಕೆಲಸದ ಗುಣ. ಅವರು ಕ್ಯಾಸೆಟ್ಟನ್ನು ನೇರವಾಗಿ ಡೆಕ್ಕಿಗೆ ತುರುಕುವವರಲ್ಲ. ಬೆಳಕಿಗೆ ಹಿಡಿದು ಸುರುಳಿಯ ಅಂಚು ನೋಡಿ, ಬೂಷ್ಟು ಹಿಡಿದವನ್ನು ಬೇರೆ ಇಟ್ಟರು. ಟೇಪನ್ನು ದನಿ ಓದುವ ಹೆಡ್ಡಿಗೆ ಒತ್ತಿಹಿಡಿಯುವ ಪುಟ್ಟ ಪ್ಯಾಡು ಅಂಟು ಒಣಗಿ ಹಲವು ಕ್ಯಾಸೆಟ್ಟುಗಳಲ್ಲಿ ಉದುರಿಹೋಗಿತ್ತು. ಅದಿಲ್ಲದೆ ಹಾಕಿದರೆ ದನಿ ಮುಸುಕು ಹಾಕಿದ ಹಾಗೆ ಕೇಳುತ್ತದೆ. ಸ್ಕ್ರೂ ಇರುವ ಹಳೆಯ ಖಾಲಿ ಕ್ಯಾಸೆಟ್ಟುಗಳ ರಾಶಿಯೇ ಅವರಲ್ಲಿದೆ, ಕೆಟ್ಟ ಡಬ್ಬಿಯಿಂದ ಟೇಪನ್ನು ತೆಗೆದು ಅವಕ್ಕೆ ಸುತ್ತುತ್ತಾರೆ. ಆಮೇಲೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ ತಿರುಗಿಸುತ್ತಾರೆ. ಅಮ್ಮನ ಅಗ್ಗದ ರೆಕಾರ್ಡರಿನ ಹೆಡ್ಡು ಯಾವ ಓರೆಯಲ್ಲಿ ಕೂತಿತ್ತೋ ಅದೇ ಓರೆಗೆ ಇವರ ಡೆಕ್ಕಿನ ಹೆಡ್ಡು ಬಂದರೆ ಮಾತ್ರ ಸ, ಶ, ಚ ಅಕ್ಷರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಹೆಡ್‌ಫೋನ್ ನನ್ನ ಕಿವಿಗಿಟ್ಟು ಸ್ಕ್ರೂ ತಿರುಗಿಸಿ ತೋರಿಸಿದರು. ಕಂಬಳಿಯೊಳಗಿನ ಗೊಣಗಿನಿಂದ ಅಮ್ಮ ಎದ್ದು ಎದುರಿಗೆ ಬಂದು ಕೂತರು.

ಇಳಿಸುವುದೆಲ್ಲ ಟೇಪು ಓಡುವಷ್ಟೇ ಹೊತ್ತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತೊಂಬತ್ತು ನಿಮಿಷ, ಬೇಗ ಓಡಿಸುವ ಅಡ್ಡದಾರಿ ಇಲ್ಲ. 24 ಬಿಟ್, 48 ಕಿಲೊಹರ್ಟ್ಸ್‌ನ ವೇವ್ ಫೈಲ್ ಕೊಡುತ್ತಾರೆ, ಫೋನಿನಲ್ಲಿ ಕೇಳಲು ಎಂಪಿ3 ಬೇರೆ.

ಗದ್ದಲ ತೆಗೆಯುವ ಮಾತು ಬಂದಾಗ ಅವರು ಹೇಳಿದ್ದು: "ಮೊದಲು ಇದ್ದ ಹಾಗೇ ಇಳಿಸೋಣಮ್ಮ. ತೆಗೆಯೋದನ್ನ ಯಾವಾಗ ಬೇಕಾದ್ರೂ ತೆಗೀಬಹುದು, ವಾಪಸ್ ಹಾಕೋಕಾಗಲ್ಲ." ನಾನು ಈ ವಿಮರ್ಶೆ ಬರೆಯಲು ಕೂತದ್ದೇ ಈ ಮಾತಿನಿಂದ. ಅವರು ಹಾಗೆ ಇಳಿಸಿದ್ದರಿಂದ ನಮಗೆ ಸಿಕ್ಕಿದ್ದೇನೆಂದು 2006ರ ಏಪ್ರಿಲ್ 22ರ ಟೇಪಿನಿಂದ ಹೇಳುತ್ತೇನೆ.

ಆ ಏಪ್ರಿಲಿನ 6ರಿಂದ ಏಳು ಪಕ್ಷಗಳು ಸೇರಿ ರಾಜನ ಆಳ್ವಿಕೆಯ ವಿರುದ್ಧ ಜನಾಂದೋಲನಕ್ಕೆ ಕರೆ ಕೊಟ್ಟಿದ್ದವು, ಮಾವೋವಾದಿಗಳ ಬೆಂಬಲವೂ ಇತ್ತು. ಬಂದ್, ಮೆರವಣಿಗೆ, ಕರ್ಫ್ಯೂ. ಮೊಬೈಲ್ ಮತ್ತೆ ಸ್ತಬ್ಧ. ಆಗ ನೇಪಾಳದಲ್ಲಿ ವಾರದ ರಜೆ ಶನಿವಾರ, ಅಲ್ಲಿನ ಸಭೆಗಳು ಆರಾಧನೆಗೆ ಸೇರುವುದೂ ಶನಿವಾರವೇ. 8ನೆಯ ತಾರೀಖು ಶನಿವಾರ, ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ದಿನ, ಹಗಲೇ ಕರ್ಫ್ಯೂ ಬಿತ್ತು. ಮಕ್ಕಳು ಗರಿ ಹಿಡಿದು ನಡೆಯಬೇಕಿದ್ದ ಆರಾಧನೆ ನಡೆಯಲಿಲ್ಲ. 20ರಂದು ರಿಂಗ್ ರೋಡಿನ ಕಲಂಕಿಯಲ್ಲಿ ಗುಂಡು ಹಾರಿ ಮೆರವಣಿಗೆಯವರು ಸತ್ತರು. ಕರ್ಫ್ಯೂ ಮುರಿದರೆ ಕಂಡಲ್ಲಿ ಗುಂಡು ಎಂಬ ಆಜ್ಞೆ. 22 ಮತ್ತೆ ಶನಿವಾರ. ಹಾಗಾಗಿ ಅವತ್ತು ಮನೆಯಲ್ಲೇ ಪ್ರಾರ್ಥನೆ, ಆಮೇಲೆ ಅಮ್ಮ ರೆಕಾರ್ಡರ್ ಹಾಕಿ ಅಜ್ಜಿಗೆ ಮಾತಾಡಿದ್ದಾರೆ.

"ಅತ್ತೆ, ಸ್ತೋತ್ರ. ನಾವೆಲ್ಲ ಇಲ್ಲಿ ಆರಾಮವಾಗಿದ್ದೀವಿ. ಸ್ವಲ್ಪ ಗಲಾಟೆ ಅಂತ ಸ್ಕೂಲಿಗೆ ರಜೆ ಕೊಟ್ಟಿದ್ದಾರೆ. ತರಕಾರಿಗೇನೂ ತೊಂದರೆ ಇಲ್ಲ, ಮಕ್ಕಳು ಚೆನ್ನಾಗಿ ಊಟ ಮಾಡ್ತಾರೆ."

ಇದು ಅಮ್ಮನ ಮಾತು. ಅದರ ಹಿಂದೆ ದೂರದಿಂದ ಸಾವಿರಾರು ಜನ ಒಟ್ಟಿಗೆ ಕೂಗುವ ಘೋಷಣೆ ಏರಿಳಿಯುತ್ತದೆ. ಹೆಲಿಕಾಪ್ಟರ್ ಮನೆಯ ಮೇಲೆ ಹಾದುಹೋಗುವಾಗ ಅಮ್ಮನ ಒಂದು ವಾಕ್ಯ ಅರ್ಧ ಮುಳುಗುತ್ತದೆ. ಏನೋ ಢಬ್ ಎನ್ನುತ್ತದೆ, ತಮ್ಮ ಹಿಂದಿನಿಂದ ಕೇಳುತ್ತಾನೆ: "ಅಮ್ಮ, ಅದು ಗುಂಡಾ?" ಅಮ್ಮ ಅವನಿಗೆ ಉತ್ತರ ಕೊಡದೆ, ದನಿ ಚೂರೂ ಬದಲಾಯಿಸದೆ, ಅಜ್ಜಿಯ ಮಂಡಿ ನೋವಿನ ಎಣ್ಣೆಯ ಬಗ್ಗೆ ಕೇಳುತ್ತಾರೆ. ಇನ್ನೊಂದು ಕಡೆಯವರ ಹಾಗೆ ಗದ್ದಲ ತೆಗೆದಿದ್ದರೆ ನಮಗೆ ಉಳಿಯುತ್ತಿದ್ದದ್ದು ಎಣ್ಣೆ ಮತ್ತು ತರಕಾರಿ. ಅಮ್ಮ ಆ ದಿನಗಳಲ್ಲಿ ಹೇಗೆ ಮನೆ ನಡೆಸಿದರು ಎನ್ನುವುದು ಆ ಮಾತಿಗೂ ಹಿಂದಿನ ಸದ್ದಿಗೂ ನಡುವೆ ಇದೆ. ತರಕಾರಿಗೆ ತೊಂದರೆ ಇತ್ತು, ನಾವು ದಿನವೂ ಆಲೂಗಡ್ಡೆ, ಬೇಳೆ ತಿನ್ನುತ್ತಿದ್ದೆವು. ಸೀಮೆಎಣ್ಣೆ ಅಳೆದು ಒಲೆ ಹಚ್ಚುತ್ತಿದ್ದರು.

ಅದೇ ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ಅದಕ್ಕಿಂತ ಆರು ದಿನ ಮೊದಲಿನ ಈಸ್ಟರ್ ಇದೆ. ಏಪ್ರಿಲ್ 16, ಭಾನುವಾರ. ಬಂದ್ ಇದ್ದದ್ದರಿಂದ ಬಸ್ಸಿಲ್ಲ, ಟೆಂಪೊ ಇಲ್ಲ. ಕತ್ತಲಿರುವಾಗಲೇ ಎದ್ದು ಒಳಗಲ್ಲಿಗಳಲ್ಲಿ ನಡೆದು ಸೇರಿದವರು ಎಷ್ಟೋ ಅಷ್ಟೇ ಜನ. ಮಾದಲ್ ಎಂಬ ನೇಪಾಳಿ ಡೋಲು ಮತ್ತು ಗಿಟಾರ್, ಹಾಡು, "ಜಯ ಮಸೀಹ" ಎನ್ನುವ ವಂದನೆಗಳು. ಆಮೇಲೆ ಪ್ರಾರ್ಥನೆಗೆ ಒಬ್ಬೊಬ್ಬರೇ ನಿಲ್ಲುತ್ತಾರೆ. ಒಬ್ಬ ಅಕ್ಕನ ಗಂಡ ಪೊಲೀಸಿನಲ್ಲಿದ್ದರು, ಮೆರವಣಿಗೆ ತಡೆಯುವ ಡ್ಯೂಟಿ. ಗಂಡ ಗುಂಡು ಹಾರಿಸುವ ಪ್ರಸಂಗ ಬಾರದಿರಲಿ ಎಂದು ಆಕೆ ಬೇಡುತ್ತಾರೆ. ಅವರ ನಂತರ ನಿಂತ ಹುಡುಗ ಕಾಲೇಜಿನವನು, ಅದೇ ಮೆರವಣಿಗೆಗಳಿಗೆ ಹೋಗುತ್ತಿದ್ದವನು. ಲೋಕತಂತ್ರ ಬರಲಿ ಎಂದು ಬೇಡಿ, ದನಿ ತಗ್ಗಿಸಿ, ದೀದಿಯ ಗಂಡನನ್ನು ಕಾಪಾಡು ಎಂದು ಸೇರಿಸುತ್ತಾನೆ. ಇಬ್ಬರ ಹೆಸರೂ ಟೇಪಿನಲ್ಲಿದೆ, ಇಲ್ಲಿ ಬರೆಯುವುದಿಲ್ಲ.

ಆರಾಧನೆ ಮುಗಿದ ಮೇಲೆ ಅಮ್ಮ ರೆಕಾರ್ಡರ್ ನಿಲ್ಲಿಸಿಲ್ಲ. ಹಾಗಾಗಿ ಹಿರಿಯರ ಮಾತುಕತೆಯೂ ಉಳಿದಿದೆ. ಸಭೆಯಾಗಿ ಬ್ಯಾನರ್ ಹಿಡಿದು ಮೆರವಣಿಗೆಗೆ ಹೋಗಬೇಕೆ ಎಂಬ ಪ್ರಶ್ನೆ. ಯುವಕರು ಹೋಗಬೇಕೆನ್ನುತ್ತಾರೆ. ನಮ್ಮ ಪಾಸ್ಟರ್ ದಾಯಿ (ನೇಪಾಳಿಯಲ್ಲಿ ದಾಯಿ ಎಂದರೆ ಅಣ್ಣ), ಆ ಸಭೆಯ ನಿಜವಾದ ಪಾಲಕರು ಅವರೇ, ಬಹಳ ಹೊತ್ತು ಕೇಳಿ ಕೊನೆಗೆ ಹೇಳುತ್ತಾರೆ: ಯಾರ ಮನಸ್ಸಾಕ್ಷಿ ಕರೆಯುತ್ತದೋ ಅವರು ಹೋಗಲಿ, ಬ್ಯಾನರ್ ಬೇಡ, ಆದರೆ ಸಭೆಯ ಬಾಗಿಲು ತೆರೆದಿರಲಿ, ಅಶ್ರುವಾಯು ತಗುಲಿ ಯಾರೇ ಓಡಿಬಂದರೂ ನೀರು ಕೊಡೋಣ, ಸಮವಸ್ತ್ರದವರಿಗೂ ಕೊಡೋಣ. ನೀವೇನು ಹೇಳುತ್ತೀರಿ ಎಂದು ಅಪ್ಪನನ್ನು ಕೇಳಿದಾಗ ಅಪ್ಪ, ದೇಶ ನಿಮ್ಮದು, ತೀರ್ಮಾನವೂ ನಿಮ್ಮದೇ ಇರಲಿ, ನೀರು ಹೊರುವುದಕ್ಕೆ ನಾನಿದ್ದೇನೆ ಎನ್ನುತ್ತಾರೆ. ಹೊರಗಿನಿಂದ ಬಂದ ಸೇವಕ ಎಲ್ಲಿ ನಿಲ್ಲಬೇಕೆಂಬುದನ್ನು ಅಪ್ಪನ ಯಾವ ಬೋಧನೆಯಿಂದಲೂ ನಾನು ಇಷ್ಟು ಸ್ಪಷ್ಟವಾಗಿ ಕೇಳಿಲ್ಲ. ಆ ದಿನಗಳಲ್ಲಿ ಪಾಶ್ಚಾತ್ಯ ಕುಟುಂಬಗಳಿಗೆ ಹೊರಡಿ ಎಂದು ಅವರವರ ರಾಯಭಾರ ಕಚೇರಿಗಳಿಂದ ಒತ್ತಡವಿತ್ತು. ನಮಗೆ 1950ರ ಭಾರತ-ನೇಪಾಳ ಒಪ್ಪಂದದಿಂದಾಗಿ ವೀಸಾದ ಹಂಗಿರಲಿಲ್ಲ, ಉಳಿದೆವು. ಅಮ್ಮ ಬಾಗಿಲಲ್ಲಿ ಕೂತು ಓಡಿಬಂದವರ ಕಣ್ಣು ತೊಳೆದರು, ಅಪ್ಪ ನೀರು ಹೊತ್ತರು. 24ರ ಮಧ್ಯರಾತ್ರಿಗೆ ಸ್ವಲ್ಪ ಮುಂಚೆ ರಾಜ ಟಿವಿಯಲ್ಲಿ ಬಂದು, 2002ರಲ್ಲಿ ವಿಸರ್ಜಿಸಿದ್ದ ಸಂಸತ್ತನ್ನು ಮತ್ತೆ ಕರೆಯುವುದಾಗಿ ಹೇಳಿದರು.

ಯಜಮಾನರ ಕೈಚಳಕ ನಾನು ಪೂರ್ತಿ ನೋಡಿದ್ದು ಇನ್ನೊಂದು ಟೇಪಿನಲ್ಲಿ. ಒಂದು ರಾತ್ರಿ ಕರೆಂಟಿಲ್ಲದೆ ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿದ್ದು. ಬ್ಯಾಟರಿ ಇಳಿದಂತೆ ರೆಕಾರ್ಡರ್ ನಿಧಾನವಾಗಿ ಓಡಿದೆ, ಈಗ ಸರಿಯಾದ ವೇಗದಲ್ಲಿ ಹಾಕಿದರೆ ಅಪ್ಪ ಓದುವ ಬೈಬಲಿನ 91ನೆಯ ಕೀರ್ತನೆ ಮಗುವಿನ ಕೀರಲು ದನಿಯಲ್ಲಿ ಓಡುತ್ತದೆ. ನಾವು ಈ ಟೇಪಿನ ಆಸೆ ಬಿಟ್ಟಿದ್ದೆವು. ಯಜಮಾನರು ಹೆಡ್‌ಫೋನಿನಲ್ಲಿ ಬಹಳ ಹೊತ್ತು ಕೇಳಿ, "ಮನೇಲಿ ಗೋಡೆ ಗಡಿಯಾರ ಇತ್ತಾ?" ಎಂದರು. ಇತ್ತು, ಸೆಲ್ ಹಾಕುವಂಥದ್ದು. ಕರ್ಫ್ಯೂ ರಾತ್ರಿಯಲ್ಲಿ ಬೀದಿ ಸದ್ದಿಲ್ಲದ್ದರಿಂದ ಅದರ ಟಿಕ್ ಟಿಕ್ ಟೇಪಿನಲ್ಲಿ ಬಿದ್ದಿತ್ತು. ಕಂಪ್ಯೂಟರಿನ ಪರದೆಯಲ್ಲಿ ಆ ಟಿಕ್‌ಗಳು ಸಣ್ಣ ಮುಳ್ಳುಗಳಾಗಿ ಕಾಣುತ್ತವೆ. ಗಡಿಯಾರ ಸೆಕೆಂಡಿಗೊಮ್ಮೆ ಬಡಿಯಲೇಬೇಕಲ್ಲ. ಮುಳ್ಳಿನಿಂದ ಮುಳ್ಳಿಗೆ ಒಂದು ಸೆಕೆಂಡು ಬರುವಂತೆ ತುಣುಕು ತುಣುಕಾಗಿ ವೇಗ ತಗ್ಗಿಸುತ್ತಾ ಹೋದರು. ಅಪ್ಪ ತಮ್ಮ ನಲವತ್ತರ ದನಿಯಲ್ಲಿ ಕೀರ್ತನೆ ಓದಿ ಮುಗಿಸಿದರು. ಗದ್ದಲವೆಂದು ಮೊದಲೇ ಗಡಿಯಾರವನ್ನು ಒರೆಸಿಬಿಟ್ಟಿದ್ದರೆ ಈ ಕೆಲಸ ಸಾಧ್ಯವೇ ಇರಲಿಲ್ಲ. ಇದಕ್ಕೆ ಅವರು ಹೆಚ್ಚಿಗೆ ಕೇಳಿದ್ದು 300 ರೂಪಾಯಿ. ನಾನು ಜಾಸ್ತಿ ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ದರ: ಅರವತ್ತು ನಿಮಿಷದ ಕ್ಯಾಸೆಟ್ಟಿಗೆ 350, ತೊಂಬತ್ತರದಕ್ಕೆ 500. ಡಬ್ಬಿ ಬದಲಾಯಿಸಿದರೆ 150 ಹೆಚ್ಚು. ಹಾರ್ಡ್ ಡಿಸ್ಕೋ ಪೆನ್ ಡ್ರೈವೋ ನಾವೇ ಕೊಡಬೇಕು. ನಗದೂ ಆಗುತ್ತದೆ, ಫೋನಿನಲ್ಲಿ ಹಣ ಹಾಕಿದರೂ ಆಗುತ್ತದೆ. ಬಿಲ್ಲು ಕೈಬರಹದ ಚೀಟಿ.

ಕೊರತೆಗಳೂ ಇವೆ. ಮುಖ್ಯವಾದದ್ದು ಸಮಯ. ಹೇಳಿದ ವಾರಕ್ಕೆ ಯಾವುದೂ ಮುಗಿಯುವುದಿಲ್ಲ, ಫೋನ್ ಎತ್ತುವುದೂ ಅಪರೂಪ. ಮದುವೆಯ ದಿನಕ್ಕೆ, ವರ್ಷಾಂತಿಕಕ್ಕೆ ಬೇಕು ಎನ್ನುವವರು ತಿಂಗಳುಗಳ ಮೊದಲೇ ಕೊಡಬೇಕು. ಮೆಟ್ಟಿಲು ವಯಸ್ಸಾದವರಿಗೆ ಆಗುವುದಿಲ್ಲ. ತಮ್ಮ ದನಿ ಮೊದಲು ಕೇಳಬೇಕೆಂದು ಬಂದ ಅಮ್ಮ ಕೆಳಗಿನ ಮಳಿಗೆಯ ಸ್ಟೂಲಿನ ಮೇಲೆ ಕಾಯಬೇಕಾಯಿತು. ಯಜಮಾನರೇ ಹೆಡ್‌ಫೋನ್, ಲ್ಯಾಪ್‌ಟಾಪ್ ಹಿಡಿದು ಇಳಿದುಬಂದರು, ಅದನ್ನೂ ಹೇಳಬೇಕು. ಫೈಲುಗಳಿಗೆ ನಂಬರು ಮಾತ್ರ ಹಾಕುತ್ತಾರೆ, ಕ್ಯಾಸೆಟ್ಟಿನ ಮೇಲೆ ಬರೆದ ತಾರೀಖು ಹಾಕುವುದಿಲ್ಲ. ನೀವೇ ಕೊಡುವ ಮೊದಲು ಪ್ರತಿ ಕ್ಯಾಸೆಟ್ಟಿನ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಇನ್ನೊಂದು ಮಾತು: ಕೊಡುವ ಮೊದಲು ಹೇಗಿದೆ ನೋಡೋಣ ಎಂದು ಮನೆಯ ಹಳೆಯ ಟೂ-ಇನ್-ಒನ್‌ನಲ್ಲಿ ಹಾಕಬೇಡಿ. ಅದರ ರಬ್ಬರು ಮೆತ್ತಗಾಗಿ ಟೇಪನ್ನು ನುಂಗುತ್ತದೆ.

ಒಂದು ಪ್ರತಿಯನ್ನು ಅಪ್ಪ ಕಾಠ್ಮಂಡುವಿನ ಪಾಸ್ಟರ್ ದಾಯಿಗೆ, ಹೋಗುವವರ ಕೈಯಲ್ಲಿ, ಪೆನ್ ಡ್ರೈವಿನಲ್ಲಿ ಕಳಿಸಿದರು. ಈಸ್ಟರ್ ಪ್ರಾರ್ಥನೆಯ ಭಾಗವನ್ನು ಈಗಿನ ಸಭೆಗೆ ಕೇಳಿಸಬಹುದೇ ಎಂದು ಕೇಳಿದ್ದಕ್ಕೆ ಅವರು ಆ ಅಕ್ಕನನ್ನೂ ಆ ಹುಡುಗನನ್ನೂ ವಿಚಾರಿಸಿದ್ದಾರೆ. ಅಕ್ಕ ಆಗಲಿ ಎಂದಿದ್ದಾರೆ. ಹುಡುಗ, ಈಗ ಎರಡು ಮಕ್ಕಳ ತಂದೆ, ಯೋಚಿಸಿ ಹೇಳುತ್ತೇನೆ ಎಂದಿದ್ದಾನೆ. ಅವನು ಹೇಳುವವರೆಗೆ ಅದು ಯಾರಿಗೂ ಕೇಳಿಸುವುದಿಲ್ಲ.

ಬೂಷ್ಟು ಹಿಡಿದು ಸುರುಳಿ ಅಂಟಿಕೊಂಡ ಒಂದು ಕ್ಯಾಸೆಟ್ ಇನ್ನೂ ಎಸ್.ಪಿ. ರೋಡಿನಲ್ಲೇ ಇದೆ. 2005ರ ಫೆಬ್ರವರಿಯದು, ಅಮ್ಮ ಮೊದಲು ಕಳಿಸಿದ್ದು. ಮಳೆಗಾಲದ ತೇವದಲ್ಲಿ ಬಿಚ್ಚಿದರೆ ಪದರ ಕಿತ್ತುಬರುತ್ತದೆ, ಒಣ ಹವೆ ಬರಲಿ ಎಂದು ಯಜಮಾನರು ಹೇಳಿದ್ದಾರೆ. ಮುಂಗಡ ಕೊಟ್ಟಿದ್ದೇನೆ, ಡಿಸೆಂಬರಿನಲ್ಲಿ ಮತ್ತೆ ಹೋಗುತ್ತೇನೆ.